ಬೊಬ್ಬೆ ಪೆಟ್ಟಿಗೆ

ಕಳೆದ ತಿಂಗಳು ಮೊಮ್ಮಗಳ ಜೊತೆ ಪುತ್ತೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ತಂತಿಗೆ ಬೆಸುಗೆ ಹಾಕಿದಾಗ ರಾಳದ ಹೊಗೆ ಎದ್ದು ಮೂಗಿಗೆ ಬಂತು. ಕೆಟ್ಟ ವಾಸನೆಯೇನಲ್ಲ. ಆದರೆ ನನಗೆ ಅದರ ಬೆನ್ನಿಗೇ ಸುಟ್ಟ ಚರ್ಮದ ವಾಸನೆ ಬರುತ್ತದೆ... ಎದ್ದು ಹೊರಗೆ ಬಂದುಬಿಟ್ಟೆ. "ಎಂತಾಯ್ತು ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಪಕ್ಕದ ಮನೆಯ ಅಕ್ಕನ ವಿಷಯ ಅವಳಿಗೆ ಗೊತ್ತಿಲ್ಲ.

ಅರವತ್ತರ ದಶಕದ ಮಾತು. ಪುತ್ತೂರಿನ ಶಾಲೆಗೆ ಟೀಚರಾಗಿ ಬಂದ ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಜೋಡಿಮನೆಯ ಅರ್ಧ. ಇನ್ನರ್ಧದಲ್ಲಿ ಅಕ್ಕ ಮತ್ತು ಅವರ ಗಂಡ. ಗಂಡನಿಗೆ ಸ್ವಂತ ಲಾರಿ ಇತ್ತು, ಸಂಪಾಜೆ ಘಾಟಿಯಿಂದ ಮರ ಇಳಿಸುತ್ತಿದ್ದ. ಬೀದಿಯಲ್ಲಿ ಒಳ್ಳೆಯ ಹೆಸರು. ಯಾರ ಮನೆಯಲ್ಲಿ ಮದುವೆಯಾದರೂ ಸಾಮಾನು ಸಾಗಿಸಲು ಲಾರಿ ಕಳಿಸುತ್ತಿದ್ದ.

ನಾನು ಬಂದ ವಾರವೇ, ಮಧ್ಯಾಹ್ನದ ಊಟದ ಹೊತ್ತಿಗೆ, ನಡುಗೋಡೆಗೆ ಬಟ್ಟಲು ಬಡಿಯಿತು. ಆಮೇಲೆ ತಲೆ ಬಡಿಯಿತು. ಎರಡರ ಸದ್ದು ಬೇರೆ ಬೇರೆ ಎಂದು ನನಗೆ ತಿಳಿದದ್ದು ಆವತ್ತು. ಅಕ್ಕ ಕೂಗಿಕೊಂಡರು. ನಾನು ಎದುರು ಮನೆಗೆ ಓಡಿದೆ. ಆ ಮನೆಯ ಹೆಂಗಸು ಅಕ್ಕಿ ಆರಿಸುತ್ತಿದ್ದರು, ತಲೆಯೆತ್ತಲಿಲ್ಲ. "ಅದು ಇದ್ದದ್ದೇ ಟೀಚರೆ. ನೀವು ಹೊಸಬರಲ್ವಾ, ಅದಕ್ಕೆ ಹಾಗೆ ಆಗುದು" ಎಂದರು.

ಮರುದಿನ ಅಕ್ಕ ಹಿಂದಿನ ಜಗಲಿಯಲ್ಲಿ ಹಳೆಯ ರೇಡಿಯೋದ ತಂತಿಗೆ ಬೆಸುಗೆ ಹಾಕುತ್ತಾ ಕೂತಿದ್ದರು. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಸಾಕೆಂಬಂತೆ ಕೆಲಸ ನಡೆದಿತ್ತು.

ಅವರ ಅಪ್ಪ ಸಂಪಾಜೆಯ ಕಡೆ ಒಂದು ರಬ್ಬರ್ ತೋಟದಲ್ಲಿ ಜನರೇಟರು, ರೇಡಿಯೋ ನೋಡಿಕೊಳ್ಳುತ್ತಿದ್ದವರು. ಬೆಸುಗೆ ಹಾಕುವುದನ್ನು ಅಕ್ಕ ಅಲ್ಲೇ ಕಲಿತಿದ್ದರು. ತೋಟದ ಮೆನೇಜರು ಊರು ಬಿಡುವಾಗ ಕೊಟ್ಟುಹೋದ ಗಿಟಾರೊಂದು ಅವರ ಬಳಿ ಇತ್ತು. ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಎಡಗೈಯ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ, ಬಲಗೈ ಬೆರಳುಗಳಿಂದ ಮೀಟುತ್ತಿದ್ದರು. ತಂತಿಯ ಕೆಳಗೆ ತಾವೇ ಸುತ್ತಿದ ಸುರುಳಿ ಕೂರಿಸಿ, ಹಳೆಯ ರೇಡಿಯೋಗೆ ಜೋಡಿಸಿದ್ದರು. ಗಂಡ ಘಾಟಿಗೆ ಹೋದ ದಿನಗಳಲ್ಲಿ ಆ ರೇಡಿಯೋದಿಂದ ಗಿಟಾರು ಕೇಳುತ್ತಿತ್ತು. ಅಷ್ಟು ಮೆತ್ತಗಿನ ನಾದ... ನಾನು ಉತ್ತರಪತ್ರಿಕೆ ತಿದ್ದುವುದನ್ನು ಬಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದೆ.

ಒಮ್ಮೆ ಯಾರದೋ ಕೆಟ್ಟ ಟ್ರಾನ್ಸಿಸ್ಟರು ಅವರ ಕೈಗೆ ಬಂತು. ಮಾತೆಲ್ಲ ಒಡಕಾಗಿ, ಗರಗರ ಹರಿದು ಬರುತ್ತಿತ್ತು. ಅದನ್ನು ಸರಿಮಾಡುವ ಬದಲು ಆ ಒಡಕನ್ನೇ ಗಿಟಾರಿಗೆ ಹಾಕಿದರೆ ಹೇಗೆ ಎಂದು ಅಕ್ಕನಿಗೆ ಹೊಳೆಯಿತು. ತಿಂಗಳುಗಟ್ಟಲೆ ಅದೇ ಹುಚ್ಚು. ಬಿಸ್ಕೆಟ್ ಡಬ್ಬದೊಳಗೆ ತಂತಿಗಳನ್ನು ಬೆಸೆಯುವುದು, ಬಿಚ್ಚುವುದು. ನುಡಿಸುವಾಗ ಕೈಗೆ ಬಿಡುವಿಲ್ಲದ್ದರಿಂದ, ಒಡಕು ನಾದ ಬರಿಸಲು ಕಾಲಲ್ಲಿ ಒತ್ತುವ ಸ್ವಿಚ್ಚು ಬೇಕಿತ್ತು. ಲಾರಿಯ ಹೆಡ್‌ಲೈಟು ಇಳಿಸಲು ಡ್ರೈವರು ಕಾಲಲ್ಲಿ ಒತ್ತುವ ಡಿಮ್ಮರ್ ಸ್ವಿಚ್ಚು ಇರುತ್ತದಲ್ಲ, ಗಂಡ ಹಾಳಾಯಿತೆಂದು ಬಿಸಾಡಿದ್ದ ಅಂಥದೊಂದನ್ನು ಹೆಕ್ಕಿ, ಬೇರೆ ಸ್ಪ್ರಿಂಗ್ ಹಾಕಿ ಡಬ್ಬಕ್ಕೆ ಕೂರಿಸಿದರು.

ಮೊದಲ ಸಲ ಅದನ್ನು ಒತ್ತಿದಾಗ ನಾನು ಅಲ್ಲೇ ಇದ್ದೆ. ಮೆತ್ತಗಿದ್ದ ಗಿಟಾರು ಒಮ್ಮೆಲೇ ಗರಗಸ ಮರ ಸೀಳಿದ ಹಾಗೆ ಕಿರುಚಿತು. ನಾನು ಕಿವಿ ಮುಚ್ಚಿಕೊಂಡೆ. ಅಕ್ಕ ನಕ್ಕರು.

"ಇದು ಬೊಬ್ಬೆ ಪೆಟ್ಟಿಗೆ ಟೀಚರೆ. ನಾನು ಬೊಬ್ಬೆ ಹೊಡೆದರೆ ಒಬ್ಬರೂ ಬರುದಿಲ್ಲ. ಇನ್ನು ಇದು ಹೊಡೀಲಿ."

ಒಂದು ಭಾನುವಾರ ಮಧ್ಯಾಹ್ನ ಗಂಡ ಹೇಳದೆ ಬಂದ. ಪೆಟ್ಟಿಗೆಯ ಮೇಲಿದ್ದ ಸ್ವಿಚ್ಚು ಅವನ ಕಣ್ಣಿಗೆ ಬಿತ್ತು.

"ನನ್ನ ಲಾರಿಗೆ ಕೈ ಹಾಕಿದ್ದೀಯಾ? ಘಾಟಿಯಲ್ಲಿ ನಾನು ಸಾಯ್ಲಿಕ್ಕಾ?"

"ನೀವೇ ಬಿಸಾಡಿದ್ದು ಅದು. ಹೋಗಿ ನೋಡಿ, ಲಾರಿದು ಲಾರಿಯಲ್ಲೇ ಉಂಟು."

ಅವನು ನೋಡಲು ಹೋಗಲಿಲ್ಲ. ಗಿಟಾರನ್ನು ಕಂಬಕ್ಕೆ ಬಡಿಯುವ ಸದ್ದು ಕೇಳಿ ನಾನು ಹಿಂದಿನಿಂದ ಒಳಹೊಕ್ಕೆ. ಅಷ್ಟರಲ್ಲಿ ಅವನು ಅಕ್ಕನ ಬಲಗೈಯನ್ನು ಹೊಸ್ತಿಲ ಮೇಲೆ ಕಾಲಿನಿಂದ ಒತ್ತಿ ಹಿಡಿದಿದ್ದ. ಕೈಯಲ್ಲಿ ಲಾರಿಯ ಸ್ಪ್ಯಾನರು. ಬೆರಳುಗಳ ಮೇಲೆ ಹೊಡೆದ. ಮತ್ತೆ ಹೊಡೆದ. ಒಣಗಿದ ಕಡ್ಡಿ ಮುರಿದ ಹಾಗೆ ಕೇಳಿತು. ನಾನು ಅವನ ಅಂಗಿ ಹಿಡಿದು ಎಳೆದೆ. ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ, ತುಟಿ ಸೀಳಿತು. ಅಕ್ಕ ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಬೀದಿಯ ಬಾಗಿಲು ಹಾರು ಹೊಡೆದಿತ್ತು. ಯಾರೂ ಬರಲಿಲ್ಲ.

ಅವನು ನನ್ನ ಕಡೆ ತಿರುಗಿದ ಆ ಗಳಿಗೆಯಲ್ಲಿ ಅಕ್ಕ ಎಡಗೈ ಚಾಚಿ, ಕಾದಿದ್ದ ಸೋಲ್ಡರಿಂಗ್ ಐರನ್ನನ್ನು ಎತ್ತಿ ಅವನ ಕೆನ್ನೆಗೆ ಒತ್ತಿದರು. ಒತ್ತಿ ಹಿಡಿದರು. ಅವನು ಊಳಿಟ್ಟ.

ಆಗ ಬೀದಿಗೆ ಬೀದಿಯೇ ಓಡಿ ಬಂತು.

ಎದುರು ಮನೆಯ ಹೆಂಗಸು ಅವನ ಕೆನ್ನೆಗೆ ತೆಂಗಿನೆಣ್ಣೆ ಹಚ್ಚಿದರು. ಅಕ್ಕನ ಕೈಗೆ ನಾನೇ ಸೀರೆಯ ಸೆರಗು ಹರಿದು ಸುತ್ತಿದೆ. ನಮಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನರು ಬಂದು ಪಂಚಾಯ್ತಿಕೆಗೆ ಕೂತರು.

"ಗಂಡನಲ್ವಾ ಮಾರಾಯ್ತಿ. ತಪ್ಪಾಯ್ತು ಅಂತ ಹೇಳಿ ಮುಗಿಸು."

ಅಕ್ಕ ತಲೆಯೆತ್ತಿದರು. ಅವರ ಮಾತು ಎಲ್ಲರಿಗೂ ಕೇಳಿತು. "ಹೇಳುದಿಲ್ಲ. ಇನ್ನೊಮ್ಮೆ ಕೈ ಎತ್ತಿದರೆ ಇನ್ನೊಮ್ಮೆ ಇಡ್ತೇನೆ. ಕಣ್ಣಿಗೇ ಇಡ್ತೇನೆ."

ಯಜಮಾನರು ಎದ್ದು ಹೊರಟರು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಅಲ್ಲಿಂದಲೇ ಅಕ್ಕ ತವರಿನ ಬಸ್ಸು ಹತ್ತಿದರು. ಒಂದು ಚೀಲದಲ್ಲಿ ಸೀರೆ, ಇನ್ನೊಂದರಲ್ಲಿ ಜಜ್ಜಿಹೋದ ಪೆಟ್ಟಿಗೆ.

ದಸರೆ ರಜೆಯಲ್ಲಿ ಸಂಪಾಜೆಗೆ ಹೋಗಿ ನೋಡಿದೆ. ಬೆರಳುಗಳು ಸೊಟ್ಟಗೆ ಕೂಡಿಕೊಂಡು ಮಡಚಲು ಬರುತ್ತಿರಲಿಲ್ಲ. ಎಡಗೈಯಿಂದ ಹೊಸ ಪೆಟ್ಟಿಗೆಯೊಂದನ್ನು ಬೆಸೆಯುತ್ತಿದ್ದರು. ಮಡಿಕೇರಿಯಲ್ಲಿ ಬ್ಯಾಂಡು ಬಾರಿಸುವ ಒಬ್ಬನಿಗಂತೆ.

"ನುಡಿಸ್ಲಿಕ್ಕೆ ಇನ್ನು ಆಗುದಿಲ್ಲ ಟೀಚರೆ. ಮಾಡ್ಲಿಕ್ಕೆ ಆಗ್ತದೆ" ಎಂದರು. ಗಂಡ ಒಮ್ಮೆ ಕರೆಯಲು ಬಂದಿದ್ದನಂತೆ. ಅಂಗಳದಲ್ಲೇ ನಿಲ್ಲಿಸಿ ಕಳಿಸಿದರಂತೆ.

ಆಮೇಲೆ ನನಗೆ ವರ್ಗವಾಯಿತು, ಮದುವೆಯಾಯಿತು... ದಾರಿಗಳು ಬೇರೆಯಾದವು.

ಮೊಬೈಲ್ ಅಂಗಡಿಯಿಂದ ಬಂದಮೇಲೆ ಮನಸ್ಸು ತಡೆಯದೆ, ಹೋದ ವಾರ ಮೊಮ್ಮಗಳನ್ನು ಕರೆದುಕೊಂಡು ಸಂಪಾಜೆಗೆ ಹೋದೆ. ಅಕ್ಕ ತೀರಿಕೊಂಡು ವರ್ಷಗಳಾಗಿವೆ. ಅವರ ತಮ್ಮನ ಸೊಸೆ ಕಾಫಿ ಕೊಟ್ಟು, ಕೊನೆಯವರೆಗೂ ಊರವರ ರೇಡಿಯೋ ಸರಿಮಾಡಿಕೊಡುತ್ತಿದ್ದರೆಂದು ಹೇಳಿದಳು.

ಅವರು ಗಿಟಾರು ನುಡಿಸುತ್ತಿದ್ದ ವಿಷಯ ನಾನು ತೆಗೆದಾಗ ಅವಳು ನಕ್ಕಳು. "ದೊಡ್ಡತ್ತೆಯಾ? ಅವರ ಬಲಗೈ ಆಗ್ತಿರ್ಲಿಲ್ಲ ಅಲ್ವಾ. ಸಣ್ಣದಿರುವಾಗ ಮರದಿಂದ ಬಿದ್ದದ್ದಂತೆ. ಅವರೇ ಹೇಳಿದ್ದು."

ಆ ಬೆರಳುಗಳ ನಾದ ಕೇಳಿದವರಲ್ಲಿ ಉಳಿದಿರುವುದು ಬಹುಶಃ ನಾನೊಬ್ಬಳೇ. ಅದನ್ನು ಯಾರಿಗೂ ಕೇಳಿಸಲಾರೆ.

"ಬಿದ್ದದ್ದಲ್ಲ ಮಗಾ," ಎಂದೆ. ಅವಳ ನಗು ನಿಂತಿತು. ಮೊಮ್ಮಗಳನ್ನೂ ಹತ್ತಿರ ಕರೆದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ.