ಕರ್ಟನ್ ಮುಂದೆ ಅಳುವ ಗಂಡ

ಕರ್ಟನ್ ಅಕ್ಕ ಇಪ್ಪತ್ತೆರಡು ವರ್ಷಗಳಲ್ಲಿ ಹೊಲಿದ ಪರದೆಗಳನ್ನು ಒಂದಕ್ಕೊಂದು ಜೋಡಿಸಿದ್ದರೆ ಅವಳಿದ್ದ ಬೀದಿಗೆ ಆ ತುದಿಯಿಂದ ಈ ತುದಿವರೆಗೂ ಮರೆ ಕಟ್ಟಬಹುದಿತ್ತು. ಅಂಥವಳು ಗಿರಾಕಿಯೊಬ್ಬರ ಮನೆಯಲ್ಲಿ ಕಿಟಕಿಯ ಅಳತೆ ತೆಗೆಯಲು ಸ್ಟೂಲು ಹತ್ತಿ, ಟೇಪು ಹಿಡಿದುಕೊಂಡೇ ಕೆಳಗೆ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಹೊಲಿಗೆ ಯಂತ್ರ ತುಳಿಯುವಂತಿಲ್ಲ. ಸುಮ್ಮನೆ ಕೂತು ಅಭ್ಯಾಸವೂ ಇಲ್ಲ. ಮೂರನೆಯ ದಿನಕ್ಕೆ ಅವಳ ಗೊಣಗಾಟ ಕೇಳಲಾರದೆ ತಂಗಿಯ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಮಡಿಲಲ್ಲಿಟ್ಟಳು.

"ಈ ಆಟದಲ್ಲಿ ಮನೆ ಕಟ್ಟಬಹುದು ದೊಡ್ಡಮ್ಮ. ಜನರನ್ನ ಮಾಡಿ ಒಳಗೆ ಬಿಡಬಹುದು. ಅವರು ತಿಂತಾರೆ, ಮಲಗ್ತಾರೆ, ಕೆಲಸಕ್ಕೆ ಹೋಗ್ತಾರೆ."

"ಗೆಲ್ಲೋದು ಹೇಗೆ?"

"ಗೆಲ್ಲೋದೇನೂ ಇಲ್ಲ. ಬದುಕಿಸ್ತಾ ಹೋಗೋದು, ಅಷ್ಟೆ."

ಗೆಲುವಿಲ್ಲದ್ದು ಯಾವ ಸೀಮೆ ಆಟವೋ ಅಕ್ಕನಿಗೆ ಅರ್ಥವಾಗಲಿಲ್ಲ. ಆದರೂ ಒಂದು ಮನೆ ಕಟ್ಟಿದಳು. ತನ್ನ ಹಾಗೆ ತುಸು ದಪ್ಪಗಿನ ಹೆಂಗಸೊಬ್ಬಳನ್ನೂ ಗಂಡನ ಹಾಗೆ ಉದ್ದ ಮೂಗಿನ, ಬಕ್ಕತಲೆಯ ಗಂಡಸೊಬ್ಬನನ್ನೂ ಮಾಡಿ ಒಳಗೆ ಬಿಟ್ಟಳು. ನಿಜವಾದ ಗಂಡ ಲಿಫ್ಟ್ ಮೆಕ್ಯಾನಿಕ್. ಆಟದಲ್ಲಿ ಆ ಉದ್ಯೋಗ ಇರಲಿಲ್ಲವಾದ್ದರಿಂದ ತೋಟದ ಕೆಲಸಕ್ಕೆ ಹಚ್ಚಿದಳು. ಎಲ್ಲ ಸರಿಹೋಯಿತು, ಪರದೆಯೊಂದನ್ನು ಬಿಟ್ಟು. ಅದಕ್ಕೆ ನೆರಿಗೆಯೇ ಇಲ್ಲ! ತಗಡಿನ ಹಾಳೆ ತೂಗುಹಾಕಿದ ಹಾಗೆ ಗೋಡೆಗೆ ಅಂಟಿಕೊಂಡಿತ್ತು.

"ಇದನ್ನ ಹೊಲಿದೋರ ಕೈಗೆ ಸೂಜಿ ಚುಚ್ಚ!"

ತಂಗಿಯ ಮಗಳು ನಕ್ಕು, ಮಾಡ್ ಅನ್ನುವುದೊಂದಿದೆ ಎಂದು ಹೇಳಿಕೊಟ್ಟಳು. ಕಂಪನಿಯವರು ಕೊಡದೆ ಬಿಟ್ಟದ್ದನ್ನು ಆಡುವವರೇ ಮಾಡಿ ಹಂಚಿಕೊಳ್ಳುತ್ತಾರೆ. ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿದರೆ ಆಟ ಸುಧಾರಿಸುತ್ತದೆ. ಪರದೆ ಹುಡುಕಹೋದ ಅಕ್ಕನಿಗೆ ದಾರಿಯಲ್ಲಿ ಏನೇನೋ ಸಿಕ್ಕವು. ಉಂಡವರು ತಟ್ಟೆ ತಾವೇ ತೊಳೆಯುವಂತೆ ಮಾಡುವ ಮಾಡ್, ಆಡಿದ ಮಾತು ನೆನಪಿಡುವಂತೆ ಮಾಡುವ ಮಾಡ್, ಬೀದಿಯಲ್ಲಿ ಜನ ಹೆಚ್ಚಿಸುವ ಮಾಡ್. ರುಚಿ ಹತ್ತಿತು. ವಾರದೊಳಗೆ ನಲವತ್ತಮೂರು ಸೇರಿದವು. ಮನಸ್ಸಿಗೊಪ್ಪುವ ಪರದೆ ಸಿಕ್ಕಿದ್ದು ಕೊನೆಕೊನೆಗೆ. ಅದು ನೆಲದಿಂದ ಅರ್ಧ ಇಂಚು ಮೇಲೆ ನಿಂತ ಅಂದ ಕಂಡು, "ಇದನ್ನ ಮಾಡಿದೋಳಿಗೆ ಕೆಲಸ ಗೊತ್ತು" ಎಂದು ತಲೆದೂಗಿ, ಹಾಲಿನ ಕಿಟಕಿಗೆ ತೂಗುಹಾಕಿದಳು.

ಅದಾದ ಮೇಲೆ ಎರಡು ದಿನಕ್ಕೆ ಆಟದ ಗಂಡ ಅಳತೊಡಗಿದ.

ಕೆಲಸದಿಂದ ಬಂದವನು ಹಾಲಿನಲ್ಲಿ ತಲೆ ತಗ್ಗಿಸಿ ನಿಂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಊಟಕ್ಕೆ ಕರೆದರೆ ಬಂದು ಉಂಡು, ತಟ್ಟೆ ತೊಳೆದಿಟ್ಟು, ಮತ್ತೆ ಹೋಗಿ ಅತ್ತ. ಅಕ್ಕ ಹೊಸ ಕುರ್ಚಿ ತಂದಿಟ್ಟಳು, ಬಡ್ತಿ ಕೊಡಿಸಿದಳು, ಬೆಕ್ಕು ತಂದುಕೊಟ್ಟಳು. ಬೆಕ್ಕನ್ನು ಎತ್ತಿ ಪಕ್ಕಕ್ಕಿಟ್ಟು ಅತ್ತ. ಆಟದ ಹೆಂಡತಿಗೆ ಮಾತ್ರ ಏನೂ ಆಗಿರಲಿಲ್ಲ; ಹಗಲೆಲ್ಲ ಒಳಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂರಿಸಿದ್ದರಿಂದ ಅವಳಿಗೆ ಹಾಲಿಗೆ ಬರಲು ಪುರುಸೊತ್ತೇ ಇರಲಿಲ್ಲ.

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಆ ಗಂಡಸನ್ನು ತಿದ್ದಿ ತೀಡಿದವಳು ತಾನೇ; ಒಳಗೆ ದುಃಖ ಇಟ್ಟ ನೆನಪಿಲ್ಲ. ಮುಖವೂ ತನ್ನ ಗಂಡನದೇ. ನಾಲ್ಕು ದಿನ ನೋಡಿದಳು. ಐದನೆಯ ಸಂಜೆ ಗಂಡ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ರೀ, ನಿಮಗೇನಾದ್ರೂ ದುಃಖ ಇದೆಯಾ? ನನಗೆ ಹೇಳ್ದೇ ಇರೋದು?"

ಗಂಡ ಒಂದು ಶೂ ಕೈಯಲ್ಲೇ ಹಿಡಿದು ಕೂತ. ಅವನ ಕಿವಿ ಕೆಂಪಾಯಿತು.

"ಯಾರು ಹೇಳಿದ್ರು ನಿಂಗೆ? ನಮ್ಮ ಸೂಪರ್‌ವೈಸರ್ರಾ?"

ಏನಾದರೂ ಗೊತ್ತಿದ್ದರಲ್ಲವೆ ಅಕ್ಕ ಹೇಳುವುದು?

"ಎರಡು ತಿಂಗಳಾಯ್ತು," ಎಂದ ಅವನು, ಶೂಗೆ ಹೇಳುವವನಂತೆ. "ಲಿಫ್ಟ್ ಶಾಫ್ಟ್ ಒಳಗೆ ಬಗ್ಗಿ ನೋಡಿದ್ರೆ ತಲೆ ಸುತ್ತುತ್ತೆ. ಮೂವತ್ತು ವರ್ಷ ಇಲ್ಲದ್ದು ಈಗ ಶುರುವಾಗಿದೆ. ಒಂದಿನ ಸ್ಪ್ಯಾನರ್ ಕೈಜಾರಿ ಕೆಳಗೆ ಬಿತ್ತು. ಯಾರಿಗೂ ಏನೂ ಆಗ್ಲಿಲ್ಲ, ಸದ್ಯ. ಆಮೇಲೆ ಆಫೀಸಲ್ಲಿ ಫೋನ್ ಮುಂದೆ ಕೂರ್ಸಿದಾರೆ. ಲಿಫ್ಟ್ ಕೆಟ್ಟಿದೆ ಅಂತ ಜನ ಬೈತಾರೆ, ಬರ್ಕೋತೀನಿ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನೋಷ್ಟರಲ್ಲಿ ನೀನು ಕಾಲು ಮುರ್ಕೊಂಡೆ."

ಎರಡು ತಿಂಗಳಿಂದ ಅವನ ಅಂಗಿಯ ಮೇಲೆ ಗ್ರೀಸಿನ ಕಲೆ ಇರಲಿಲ್ಲವೆನ್ನುವುದು ಅಕ್ಕನಿಗೆ ಆಗ ಹೊಳೆಯಿತು. ಅದು ಹೊಸ ಸೋಪಿನ ಗುಣವೆಂದುಕೊಂಡು ನಾಲ್ಕು ಜನರ ಹತ್ತಿರ ಹೊಗಳಿಯೂ ಆಗಿತ್ತು.

ಮರುದಿನ ತಂಗಿಯ ಮಗಳು ಬಂದದ್ದೇ ತಡ, "ಈ ಆಟ ನಮ್ಮ ಮನೇಲಿ ನಡೆಯೋದನ್ನ ಕೇಳಿಸ್ಕೊಳ್ಳುತ್ತಾ ಏನೇ?" ಎಂದು ಅಕ್ಕ ಅವಳನ್ನು ಹಿಡಿದುಕೊಂಡಳು.

"ಇಲ್ಲ ದೊಡ್ಡಮ್ಮ, ಯಾವುದೋ ಮಾಡ್ ಕೆಟ್ಟಿರುತ್ತೆ. ಅರ್ಧ ತೆಗೆದು ಆಡ್ಸೋಣ. ಅಳು ನಿಂತ್ರೆ ತೆಗೆದಿದ್ರಲ್ಲಿ ತಪ್ಪಿದೆ, ನಿಲ್ಲದಿದ್ರೆ ಉಳಿದಿದ್ರಲ್ಲಿ. ಆಮೇಲೆ ಅದ್ರಲ್ಲಿ ಅರ್ಧ."

ಹೀಗೆ ಜರಡಿ ಹಿಡಿದು ಹಿಡಿದು, ಆರನೆಯ ಸುತ್ತಿಗೆ ಉಳಿದದ್ದು ಆ ನೆರಿಗೆಯ ಪರದೆ. ಮಾಡಿದಾಕೆಗೆ ಬರೆದು ಕೇಳಿದರು. ಆಕೆಯ ಉತ್ತರದ ತುಂಬ ಕ್ಷಮೆಯೇ ಇತ್ತು. ಹೊಸ ವಸ್ತು ಮಾಡುವಾಗ ಆಟದೊಳಗಿನ ಹಳೆಯದೊಂದರ ನಕಲು ತೆಗೆದು ಅದರ ರೂಪ ಬದಲಿಸುವುದು ರೂಢಿಯಂತೆ. ಆಕೆ ಗಡಿಬಿಡಿಯಲ್ಲಿ ಸಮಾಧಿಯ ಕಲ್ಲನ್ನು ನಕಲು ಮಾಡಿದ್ದಳು. ಕಣ್ಣಿಗೆ ಪರದೆಯಾದರೂ ಆಟ ಅದನ್ನು ಸಮಾಧಿಯೆಂದೇ ತಿಳಿದಿತ್ತು. ಎದುರು ಬಂದವರು ಅಳಲೇಬೇಕು.

ಅಕ್ಕ ಸಂಜೆ ಗಂಡನಿಗೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು.

"ಅಂದ್ರೆ ಆ ಅಳು ಬರೀ ತಪ್ಪಿಂದ ಬಂದಿದ್ದು?"

"ಹೂಂ ರೀ."

"ಸೂಪರ್‌ವೈಸರ್ ಏನೂ ಹೇಳಿರ್ಲಿಲ್ಲ?"

"ಅವರ ಮುಖಾನೇ ನಾನು ನೋಡಿಲ್ಲ."

"ಮತ್ತೆ ನಾನ್ಯಾಕೆ ಎಲ್ಲಾ ಹೇಳ್ಬಿಟ್ಟೆ?"

"ನಾನು ಕೇಳಿದ್ದಕ್ಕೆ."

"ಮುಂಚೆ ಯಾಕೆ ಕೇಳ್ಲಿಲ್ಲ?"

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟಳು.

ಪ್ಲಾಸ್ಟರು ಬಿಚ್ಚಿಸಿದ ದಿನವೇ ಅವನನ್ನೂ ಡಾಕ್ಟರ ಮುಂದೆ ಕೂರಿಸಿದಳು. ಕಿವಿಯ ಒಳಭಾಗದ ತೊಂದರೆ, ತಲೆಸುತ್ತು ಕಡಿಮೆಯಾಗುತ್ತದೆ, ಎತ್ತರದ ಕೆಲಸ ಮಾತ್ರ ಬೇಡ ಎಂದರು. ಹಾಗಾಗಿ ಫೋನಿನ ಕೆಲಸವೇ ಉಳಿಯಿತು. ಆ ದಿನ ಯಾರು ಹೇಗೆ ಬೈದರೆಂದು ಅವನು ಈಗ ಅವರ ದನಿಯಲ್ಲೇ ಮಾಡಿ ತೋರಿಸುತ್ತಾನೆ. ಅಕ್ಕ ಯಂತ್ರ ನಿಲ್ಲಿಸಿ ಬಿದ್ದು ಬಿದ್ದು ನಗುತ್ತಾಳೆ. ಒಮ್ಮೊಮ್ಮೆ ನಗು ಅರ್ಧಕ್ಕೆ ನಿಲ್ಲಿಸಿ, ಹೇಳದೆ ಉಳಿದದ್ದು ಇನ್ನೇನಿದೆಯೋ ಎಂಬಂತೆ ಅವನ ಮುಖವನ್ನೇ ನೋಡುತ್ತಾಳೆ.

"ಏನೇ ಹಂಗೆ ನೋಡ್ತೀಯ?"

"ಗೊತ್ತಿಲ್ಲ ರೀ. ನೀವು ಹೇಳಿ, ಆಮೇಲೆ ಫೋನಲ್ಲಿ ಬೈದ ಆ ಹೆಂಗಸು ಏನಂದ್ಲು?"