ಅವಳು ನನ್ನ ಜೊತೆ ಇಳಿದು ಬಂದದ್ದು

ನಾನು ಶಹಾಬಾದಿನ ಹುಡುಗಿಯರ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದಾಗ ವಾಡಿಯ ಶಾಲೆಯಲ್ಲಿ ಅದೇ ಕೆಲಸಕ್ಕಿದ್ದವಳು ನನ್ನ ಗೆಳತಿ. ಟ್ರೇನಿಂಗಿನಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಅವಳ ಅಪ್ಪ ರೈಲ್ವೆ ಗಾರ್ಡು. ನನ್ನ ಅಪ್ಪನದು ಫರಸಿ ಕಲ್ಲಿನ ವ್ಯಾಪಾರ. ಇಬ್ಬರಲ್ಲಿ ಗಟ್ಟಿಗಿತ್ತಿ ಅವಳೇ. ಓಟ, ಜಿಗಿತ, ಗುಂಡು ಎಸೆತ, ಯಾವುದಕ್ಕೆ ನಿಲ್ಲಿಸಿದರೂ ಅವಳು ಮುಂದೆ, ನಾನು ಹಿಂದೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಅವಳ ಹಿಂದೆ ಓಡುವುದೇ ನನಗೆ ರೂಢಿಯಾಗಿ ಹೋಗಿತ್ತು.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಸ್ವಲ್ಪ ದಿನವಾಗಿತ್ತು. ಹಿಮಾಲಯದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಿಬಿರ ಇದೆ, ಆಟದ ಟೀಚರುಗಳು ಹೋಗಬಹುದು ಎಂದು ನಮ್ಮ ದೊಡ್ಡ ಬಾಯಿಯವರು ಹೇಳಿದರು. ಹೆಡ್‌ಮಿಸ್ಟ್ರೆಸ್ಸನ್ನು ನಾವು ಹಾಗೆ ಕರೆಯುತ್ತಿದ್ದೆವು. ಮೊದಲು ಕಣಿವೆಯ ದಾರಿಯಲ್ಲಿ ಸೈಕಲ್, ಆಮೇಲೆ ಹಗ್ಗ ಹಿಡಿದು ಬಂಡೆ ಹತ್ತುವುದು, ರಬ್ಬರಿನ ದೋಣಿಯಲ್ಲಿ ಹೊಳೆ ಇಳಿಯುವುದು, ಕೊನೆಗೆ ಬೆನ್ನಿಗೆ ಹೊರೆ ಕಟ್ಟಿಕೊಂಡು ಹಿಮದ ಘಾಟಿಯೊಂದನ್ನು ದಾಟುವುದು. ಕೇಳುತ್ತಿದ್ದಂತೆ ನನಗೆ ನೆನಪಾದವಳು ಅವಳೇ. ಆ ಸಂಜೆಯ ಪ್ಯಾಸೆಂಜರ್ ಗಾಡಿಗೆ ವಾಡಿಗೆ ಹೋಗಿ ಹೇಳಿದೆ.

ನಮ್ಮ ಅವ್ವ ಒಪ್ಪಲಿಲ್ಲ. ಬಿಸಿಲಿಗೆ ಬೆಳೆದ ಮೈ, ಬರ್ಫಿನಾಗ ಹೆಂಗ ತಡೀತದ ಅನ್ನುವುದು ಅವಳ ಮಾತು. ಅವ್ವನ ಮಾತು ಕೊನೆಗೆ ಖರೆಯೇ ಆಯಿತು, ಆ ಮಾತು ಬೇರೆ. ಗೆಳತಿಯ ಅಪ್ಪ ಡ್ಯೂಟಿ ಮುಗಿಸಿ, ಯೂನಿಫಾರ್ಮಿನ ಕೋಟು ತೆಗೆಯದೆ ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂತರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ನನ್ನ ಮಗಳನ್ನು ಕಳಿಸುತ್ತಿದ್ದೇನೆ, ನಿಮ್ಮ ಮಗಳು ಜೊತೆಗಿದ್ದರೆ ನನಗೂ ಧೈರ್ಯ ಎಂದು ಅಪ್ಪನನ್ನು ಒಪ್ಪಿಸಿದರು. ಅವಳ ಜೋಡಿ ನಾನಿದ್ದರೆ ಅವರಿಗೆ ಧೈರ್ಯ! ಇದನ್ನು ನೆನೆದಾಗೆಲ್ಲ ನನಗೆ ಒಳಗೆ ಚುಚ್ಚುತ್ತದೆ.

ಅಷ್ಟರಲ್ಲಿ ಅವಳ ನಿಕಾಹ್ ಸೇಡಂನ ಒಂದು ಮನೆಗೆ ಗೊತ್ತಾಗಿತ್ತು. ಅವರು ಅರಿವೆ ಅಂಗಡಿಯವರು, ಒಳ್ಳೆಯ ಜನ, ಆದರೆ ಸೊಸೆ ಹೊರಗೆ ದುಡಿಯುವುದು ಅವರಿಗೆ ಬೇಕಿರಲಿಲ್ಲ. ರಂಜಾನ್ ಆದ ಮೇಲೆ ಮದುವೆ. ಚಾಚಾ ಮಗಳಿಗೆ ಹೇಳಿದ್ದ ಮಾತನ್ನು ಅವಳು ನನಗೆ ನಗುತ್ತಲೇ ಹೇಳಿದ್ದಳು: "ಇದೊಂದ ಸಲ ಹೋಗಿ ಬಾ ಬೇಟಿ. ಆಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ."

ಎರಡು ತಿಂಗಳು ತಯಾರಿ ಮಾಡಿದೆವು. ಶಹಾಬಾದಿನ ಹೊರಗೆ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಅಂಥದೊಂದರಲ್ಲಿ ಅವಳು ನನಗೆ ಈಸು ಕಲಿಸಿದಳು. ಯಾರಾದರೂ ಬಂದಾರೆಂದು ಅವಳ ತಾಯಿ ಬುರ್ಖಾ ತೊಟ್ಟು, ದಂಡೆಯ ಮೇಲೆ ತಸಬಿಯ ಮಣಿ ಎಣಿಸುತ್ತ ಕೂತಿರುತ್ತಿದ್ದರು. ಆ ತಾಯಿಯೇ ಚಾಚಾನ ಹಳೆಯ ಯೂನಿಫಾರ್ಮ್ ಬಿಚ್ಚಿ ನಮ್ಮಿಬ್ಬರಿಗೂ ಪ್ಯಾಂಟು ಹೊಲಿದುಕೊಟ್ಟರು. ನನ್ನದು ಸೊಂಟದಲ್ಲಿ ಸಡಿಲಾಗಿ ಲಾಡಿ ಕಟ್ಟಬೇಕಾಯಿತು.

ಶಿಬಿರದಲ್ಲಿ ಬೇರೆ ಬೇರೆ ರಾಜ್ಯದ ಹೆಂಗಸರಿದ್ದರು. ಕನ್ನಡದವರು ನಾವಿಬ್ಬರೇ. ನನ್ನ ಹಿಂದಿ ಪುಸ್ತಕದ್ದು, ಬಾಯಿಗೆ ಬರುತ್ತಿರಲಿಲ್ಲ. ಅವಳು ನಮ್ಮ ಕಡೆಯ ದಖನಿ ಆಡುತ್ತಿದ್ದಳು. ಅವಳ 'ನಕ್ಕೋ' ಕೇಳಿ ಎಲ್ಲರೂ ನಕ್ಕರು. ವಾರದೊಳಗೆ ಪಂಜಾಬಿನ ಹೆಂಗಸರೂ ಚಹಾ ಬೇಡವಾದರೆ ನಕ್ಕೋ ಎನ್ನತೊಡಗಿದರು. ಏರುದಾರಿಯಲ್ಲಿ ನಾವೆಲ್ಲ ಇಳಿದು ಸೈಕಲ್ ದೂಡುತ್ತಿದ್ದರೆ ಅವಳು ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಳು. ದೋಣಿ ಸುಳಿಯಲ್ಲಿ ಸಿಕ್ಕು ತಿರುಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವಳು ಬಗ್ಗಿ ಹುಟ್ಟು ಹಾಕುತ್ತಿದ್ದಳು, ಮೈಯೆಲ್ಲ ತೊಯ್ದು, ಮುಖದ ತುಂಬ ನಗು. ಅಷ್ಟು ಖುಷಿಯಾಗಿ ಅವಳನ್ನು ನಾನು ಹಿಂದೆ ಕಂಡಿರಲಿಲ್ಲ. ಅವಳ ಮದುವೆಯಲ್ಲೂ ಕಾಣಲಿಲ್ಲ.

ನಮ್ಮ ಶಿಕ್ಷಕಿ ಬೆಟ್ಟದ ಕಡೆಯವರೇ. ಮಾತು ಕಡಿಮೆ. ಒಂದು ಸಂಜೆ ಅವಳನ್ನು ಕರೆದು, ಘಾಟಿ ದಾಟಿದವರನ್ನು ಮುಂದಿನ ದೊಡ್ಡ ಶಿಬಿರಕ್ಕೆ ಕರೆಯುತ್ತೇವೆ, ನಿನ್ನ ಹೆಸರು ನಾನೇ ಹೇಳುತ್ತೇನೆ ಅಂದರು. ಟೆಂಟಿಗೆ ಬಂದು ಅವಳು ನನಗೆ ಹೇಳಿದಳು. ಸೇಡಂನವರಿಗೆ ಹೇಳಿ ನೋಡಬಹುದು, ಶಿಬಿರದಿಂದ ಕರೆದ ಒಂದು ಕಾಗದ ಕೈಯಲ್ಲಿದ್ದರೆ ಅಪ್ಪ ಮಾತಾಡುತ್ತಾರೆ ಎಂದಷ್ಟೇ ಅಂದಳು.

ಘಾಟಿಯ ಕೆಳಗಿನ ಕೊನೆಯ ಬಿಡಾರ ಮುಟ್ಟಿದ ಮಧ್ಯಾಹ್ನವೇ ನನಗೆ ತಲೆನೋವು ಶುರುವಾಯಿತು. ಮೊದಲು ಬಿಸಿಲಿಗೆ ಅಂದುಕೊಂಡೆ. ಆಮೇಲೆ ಕುಡಿದ ನೀರೂ ಹೊರಗೆ ಬಂತು. ಬೂಟಿನ ದಾರ ಕಟ್ಟಲು ಹೋದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. ನಾನು ಮುಚ್ಚಿಡಲಿಲ್ಲ, ಆಗಿಂದಾಗಲೇ ಶಿಕ್ಷಕಿಗೆ ಹೇಳಿದೆ. ಅವರು ನನ್ನನ್ನು ಒಂದು ಗೆರೆಯ ಮೇಲೆ ನಡೆಸಿ ನೋಡಿದರು. ನಾನು ಓಲಾಡಿದೆ. ಈಗಲೇ ಇಳಿಸಬೇಕು, ಬೆಳಗಿನ ತನಕ ಕಾಯುವ ಹಾಗಿಲ್ಲ ಅಂದರು.

ಹೊರೆ ಹೊರುವವನೊಬ್ಬ ಜೊತೆಗೆ ಬರುತ್ತಿದ್ದ, ಹಣ್ಣುಗಡ್ಡದ ಮನುಷ್ಯ. ಆದರೆ ಹೆಂಗಸೊಬ್ಬಳನ್ನೇ ಅವನ ಜೊತೆ ಕಳಿಸುವಂತಿರಲಿಲ್ಲ, ಶಿಬಿರದವರು ಒಬ್ಬರು ಜೊತೆಗೆ ಹೋಗಲೇಬೇಕಿತ್ತು. ಶಿಕ್ಷಕಿಗೆ ಉಳಿದವರನ್ನು ಘಾಟಿ ದಾಟಿಸಬೇಕಿತ್ತು. ಯಾರು ಹೋಗುತ್ತೀರಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಅವರನ್ನು ಬೈಯಲಾರೆ. ಒಬ್ಬೊಬ್ಬರೂ ಯಾರನ್ನೋ ಒಪ್ಪಿಸಿ, ಯಾರದೋ ಕಾಲು ಹಿಡಿದು ಬಂದವರೇ.

ಅವಳು ಆಗಲೇ ಹಾಸಿಗೆ ಸುತ್ತುತ್ತಿದ್ದಳು.

"ನೀ ಬರಬ್ಯಾಡ," ಅಂದೆ. ನಾಲಿಗೆ ದಪ್ಪಗಾಗಿತ್ತು. ಮಾತು ಸರಿಯಾಗಿ ಹೊರಟಿತೋ ಇಲ್ಲವೋ.

"ಸುಮ್ನ ಕುಂದ್ರು," ಅಂದಳು. "ನಿನ್ನ ಕನ್ನಡ ಇಲ್ಲಿ ಯಾರಿಗಿ ತಿಳೀತದ?"

ಇಳಿಯುವ ದಾರಿ ನನಗೆ ತುಂಡುತುಂಡಾಗಿ ನೆನಪಿದೆ. ಹೊರೆಯವನು ನನ್ನ ಒಂದು ತೋಳು ಹಿಡಿದಿದ್ದ, ಅವಳು ಇನ್ನೊಂದು. ಎರಡೂ ಚೀಲಗಳನ್ನು ಅವಳೇ ಹೊತ್ತಿದ್ದಳು. ನನಗೆ ಕೂರಬೇಕು, ಮಲಗಬೇಕು, ಅಷ್ಟೇ. ಕಣ್ಣು ಮುಚ್ಚಲು ಬಿಡದೆ ಅವಳು ಸಿಕಂದರಾಬಾದಿನ ಕಡೆಗಿನ ಸ್ಟೇಶನ್ನುಗಳ ಹೆಸರು ಹೇಳಿಸುತ್ತಿದ್ದಳು: ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರ. ನಡುವೆ ಒಂದನ್ನು ಬಿಟ್ಟರೆ ಮತ್ತೆ ವಾಡಿಯಿಂದ ಶುರು. ನಾನು ಸಿಟ್ಟಿಗೆದ್ದು ಅವಳನ್ನು ಏನೇನೋ ಬೈದೆನಂತೆ. ಏನೆಂದು ಬೈದೆ ಎಂದು ಅವಳು ಇವತ್ತಿಗೂ ಹೇಳಿಲ್ಲ.

ಕೆಳಗೆ ದೇವದಾರು ಮರಗಳ ನಡುವೆ ಒಂದು ಹಳ್ಳಿ. ಅಲ್ಲಿ ಮುಟ್ಟುವ ಹೊತ್ತಿಗೆ ತಲೆನೋವು ಇಳಿದಿತ್ತು. ಮರುದಿನ ಮುಂಜಾನೆ ನನಗೆ ಏನೂ ಆಗಿರಲೇ ಇಲ್ಲ ಅನ್ನುವಷ್ಟು ಆರಾಮಾಯಿತು. ಹಸಿವಾಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಇನ್ನೂ ನಾಲ್ಕು ದಿನ ಜ್ವರ ಬಂದು ಮಲಗಿದ್ದರೆ, ಕಾಲಾದರೂ ಮುರಿದಿದ್ದರೆ, ಅವಳು ಇಳಿದು ಬಂದದ್ದಕ್ಕೆ ಒಂದು ಅರ್ಥ ಇರುತ್ತಿತ್ತು ಎಂದು ನನಗೆ ಅನ್ನಿಸಿತು. ಆ ಬೇನೆಯೇ ಹಾಗೆ, ಮೇಲಿದ್ದರೆ ಜೀವ ತೆಗೆಯುತ್ತದೆ, ಕೆಳಗಿಳಿದರೆ ಗುರುತೂ ಉಳಿಯುವುದಿಲ್ಲ. ತಿಳಿದವರು ಆಮೇಲೆ ಹೇಳಿದರು. ಹೇಳಿದರೂ ಮನಸ್ಸು ಕೇಳಬೇಕಲ್ಲ.

ಘಾಟಿ ದಾಟಿದವರು ಇನ್ನೊಂದು ಕಣಿವೆಯಿಂದ ಸುತ್ತಿ ಅದೇ ಹಳ್ಳಿಗೆ ಬಂದರು. ಮೂಗು ಸುಟ್ಟು ಕರಕಾಗಿತ್ತು, ತುಟಿ ಒಡೆದಿತ್ತು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅವಳು ದಾರಿಯ ತನಕ ಹೋಗಿ ಒಬ್ಬೊಬ್ಬರನ್ನೂ ತಬ್ಬಿಕೊಂಡಳು. ಮೇಲಿಂದ ಏನು ಕಂಡಿತು, ಆಚೆ ಕಡೆ ಹೆಂಗಿತ್ತು ಎಂದು ಕೆದಕಿ ಕೆದಕಿ ಕೇಳಿದಳು. ನಾನು ಒಲೆಯ ಹತ್ತಿರ ಚಹಾ ಕಾಯಿಸುವ ನೆಪದಲ್ಲಿ ಕೂತುಬಿಟ್ಟೆ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಚಾಚಾ ಕಾಯುತ್ತಿದ್ದರು. ಮಗಳ ಚೀಲ ಕೈಗೆ ತೆಗೆದುಕೊಳ್ಳುತ್ತ ತುದಿ ಮುಟ್ಟಿದಿರೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಹವಾ ಖರಾಬ್ ಆತು ಅಬ್ಬಾ, ತಿರುಗಿ ಬಂದಿವಿ," ಅಂದಳು. ಹವೆ ಎಷ್ಟು ನಿಚ್ಚಳವಾಗಿತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚಾಚಾ ನನ್ನ ತಲೆ ಸವರಿ, ಇಬ್ಬರೂ ಸುಖರೂಪ ಬಂದಿರಿ, ಅಷ್ಟು ಸಾಕು ಅಂದರು.

ರಂಜಾನ್ ಮುಗಿದು ಅವಳ ಮದುವೆಯಾಯಿತು. ನೌಕರಿ ಬಿಟ್ಟಳು. ದೊಡ್ಡ ಶಿಬಿರದ ಕರೆ ಅವಳಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಮುಂದಿನ ವರ್ಷ ಶಾಲೆಯವರು ನನ್ನನ್ನು ಮತ್ತೆ ಅದೇ ಶಿಬಿರಕ್ಕೆ ಕಳಿಸಿದರು. ಈ ಸಲ ನಿಧಾನ ಹತ್ತಿದೆ, ನೀರು ಬಹಳ ಕುಡಿದೆ, ತಲೆ ನೋಯಲಿಲ್ಲ. ಘಾಟಿಯ ಮೇಲೆ ನಿಂತಾಗ ಆಚೆ ಕಡೆ ಬೆಳ್ಳಗೆ ಬೆಟ್ಟದ ಮೇಲೆ ಬೆಟ್ಟ. ಎಲ್ಲರೂ ಕುಣಿದರು. ನನಗೆ ಬೇರೆಯವರ ಮನೆಯಲ್ಲಿ ಅವರಿಲ್ಲದಾಗ ಹೊಕ್ಕು ನಿಂತ ಹಾಗಾಯಿತು.

ಆಮೇಲೆ ಸೇಡಂಗೆ ಹೋದಾಗೆಲ್ಲ ಬರಿಗೈಲಿ ಹೋಗುತ್ತಿರಲಿಲ್ಲ. ಮಕ್ಕಳಿಗೆ ಅರಿವೆ, ಅವಳಿಗೆ ಬಳೆ, ಅತ್ತೆಗೆ ಹಣ್ಣು. ಅವಳು ಮಾತಾಡುತ್ತಿದ್ದರೆ ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ನನ್ನ ಶಾಲೆಯ ಸುದ್ದಿ, ಪ್ರವಾಸದ ಸುದ್ದಿ ತೆಗೆಯುತ್ತಿರಲಿಲ್ಲ. ಅವಳೇ ಕೇಳಿದರೂ ಹಾರಿಸಿಬಿಡುತ್ತಿದ್ದೆ. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು.

ಎಂಬತ್ತರ ದಶಕದ ನಡುವೆ ಒಂದು ಚಳಿಗಾಲ ನಮ್ಮ ಶಾಲೆಯ ಹುಡುಗಿಯರನ್ನು ಚಿಂಚೋಳಿಯ ಗುಡ್ಡಗಳಿಗೆ ಕರೆದೊಯ್ದೆ. ಕಾಡಿನಲ್ಲಿ ನಡೆಯುವುದು, ಬಂಡೆ ಹತ್ತುವುದು, ಕೆರೆಯಲ್ಲಿ ಈಸುವುದು. ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಬೇಕಿತ್ತು. ಹೆದರಿಕೊಂಡೇ ಅವಳನ್ನು ಕೇಳಿದೆ. ಅವಳ ಗಂಡ, ಹೋಗಿ ಬರಲಿ ಬಿಡ್ರಿ, ಮಕ್ಕಳು ದೊಡ್ಡವಾಗ್ಯಾವ ಅಂದರು. ಇಷ್ಟು ಸಲೀಸಾಗಿ ಒಪ್ಪುವ ಮನುಷ್ಯ ಅವತ್ತು ದೊಡ್ಡ ಶಿಬಿರಕ್ಕೂ ಒಪ್ಪುತ್ತಿದ್ದನೋ ಏನೋ ಅನ್ನುವ ಯೋಚನೆ ಹೊಕ್ಕು ನನ್ನ ಸಂಕಟ ಇನ್ನಷ್ಟು ಹೆಚ್ಚಿತು.

ಮೊದಲ ಮಧ್ಯಾಹ್ನ ಹುಡುಗಿಯರು ಬಂಡೆಯ ಕಡೆ ಹೋಗಿದ್ದರು. ನಾವಿಬ್ಬರೂ ತೇಗದ ಮರದ ಕೆಳಗೆ ಕೂತು ಬದನೆಕಾಯಿ ಹೆಚ್ಚುತ್ತಿದ್ದೆವು. ನೀನೂ ಬಂಡೆಗೆ ಹೋಗು, ಅಡಿಗೆ ನಾನು ಮಾಡುತ್ತೇನೆ, ನಾಳೆಯೂ ನೀನೇ ಮುಂದೆ ನಡೆ, ನಾನು ಹಿಂದೆ ಬರುತ್ತೇನೆ ಎಂದು ಒತ್ತಾಯ ಮಾಡಿದೆ. ಅವಳು ಈಳಿಗೆಮಣೆ ಪಕ್ಕಕ್ಕೆ ಸರಿಸಿದಳು.

"ನಿನ್ನ ಮಾರಿ ನೋಡಿ ನೋಡಿ ನನಗ ಸಾಕಾಗ್ಯಾದ," ಅಂದಳು.

ನಾನು ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟೆ.

"ಹೊಟ್ಟಿ ಉರೀಲಿಲ್ಲ ಅಂತ ಹೇಳಂಗಿಲ್ಲ. ಭಾಳ ಉರೀತು. ನೀ ಎರಡನೇ ಸಲ ಹೋಗಿ ಬಂದಿ ಅಂತ ಕೇಳಿದಾಗ ಬಾಗಲಾ ಹಾಕ್ಕೊಂಡು ಅತ್ತೀನಿ. ಅದೆಲ್ಲಾ ಆಗಿ ಹೋತು. ಆದರ ನೀ ಬಂದಾಗೊಮ್ಮೆ ಮಾರಿ ಸಣ್ಣದು ಮಾಡ್ಕೊಂಡು ಕುಂದ್ರತಿ. ನಾನೇ ನಿನಗ ಸಮಾಧಾನ ಮಾಡಬೇಕು. ಒಂದು ಸಲ ನಿನ್ನ ಜೋಡಿ ಇಳದೀನಿ. ಇನ್ನ ಎಷ್ಟು ಸಲ ಇಳೀಲಿ?"

ತಪ್ಪಾತು ಅನ್ನಬೇಕೆಂದು ಬಾಯಿಗೆ ಬಂತು. ಅದನ್ನೇ ಬಿಡು ಎಂದು ಅವಳು ಹೇಳುತ್ತಿದ್ದಾಳೆ ಎಂದು ತಿಳಿದು ನುಂಗಿಕೊಂಡೆ.

ಈಳಿಗೆಮಣೆ ಮತ್ತೆ ಎಳೆದುಕೊಂಡು ಅವಳೇ ಕೇಳಿದಳು. "ಆಚೀ ಕಡಿ ಏನು ಕಾಣ್ತಿತ್ತು? ನೀ ಒಂದು ದಿನನೂ ಹೇಳಿಲ್ಲ."

ಆಗ ಹೇಳಿದೆ. ಬೆಟ್ಟಗಳ ಸಾಲು, ನಡುವೆ ಒಂದು ಹಸಿರು ಕೆರೆ, ಗಾಳಿಗೆ ಕಣ್ಣಲ್ಲಿ ನೀರು ಬಂದದ್ದು, ಘಾಟಿಯ ಮೇಲೆ ಯಾರೋ ಕಟ್ಟಿದ ಬಣ್ಣದ ಬಟ್ಟೆಗಳು ಪಟಪಟ ಬಡಿಯುತ್ತಿದ್ದದ್ದು. ಅವಳು ಕೆಲಸ ಬಿಟ್ಟು ಕೇಳಿದಳು. ಕೆರೆ ಎಷ್ಟು ದೊಡ್ಡದು, ಅಲ್ಲಿ ಹಕ್ಕಿ ಇದ್ದವೇನು, ಇಳಿಯುವಾಗ ಜಾರಿದಿರೇನು ಎಂದು ನಡುನಡುವೆ ಕೇಳುತ್ತಿದ್ದಳು. ಇಷ್ಟು ವರ್ಷ ನಾನು ಬಳೆ, ಹಣ್ಣು ತಂದು ಸುರಿದಿದ್ದೆ. ಅವಳಿಗೆ ಬೇಕಾಗಿದ್ದ ಇದೊಂದನ್ನು ಮಾತ್ರ ನನ್ನಲ್ಲೇ ಕಟ್ಟಿಟ್ಟುಕೊಂಡಿದ್ದೆ.

ನನ್ನ ಚೀಲದ ತಳದಲ್ಲಿ ಅವಳಿಗೆಂದು ತಂದ ಒಂದು ಸೀರೆ ಇತ್ತು. ಹೊರಗೆ ತೆಗೆಯಲಿಲ್ಲ. ಶಹಾಬಾದಿಗೆ ವಾಪಸು ತಂದು ನಾನೇ ಉಟ್ಟುಕೊಂಡೆ. ಗಿಣಿಹಸಿರು, ನನಗೆ ಒಪ್ಪುವ ಬಣ್ಣ ಅಲ್ಲ.

ಅಪರಾಧದ ಭಾವ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಅವಳ ಮನೆಯ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಒಂದು ಕಲ್ಲು ಅಲುಗುತ್ತದೆ. ಅದನ್ನು ಬಾಗಿಲ ಹೊರಗೇ ಬಿಟ್ಟು, ಒಳಗೆ ಹೋಗಿ, ಗಟ್ಟಿ ದನಿಯಲ್ಲಿ ಚಹಾ ಕೇಳುತ್ತೇನೆ.