ಕಾಕುವಿನ ಎರಡನೆಯ ಓದು

ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಬಾಜೂ ಮನೆಯಾಕೆಯ ತಲೆಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಸಣ್ಣದೊಂದು ತಗ್ಗಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ದಿನ ಬಿಳಿಗೂದಲಿನ ನಡುವೆ ಅದು ಎದ್ದು ಕಾಣುತ್ತಿತ್ತು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು. "ಮಂದಿ ಮಾತು ಕೇಳಿ ಕೇಳಿ ಸಾಕಾಗ್ಯದ. ಇನ್ನ ಪುಸ್ತಕದ ಮಾತಷ್ಟ," ಎನ್ನುತ್ತಿದ್ದರು.

ಮದುವೆಯಾಗಿ ಉಡುಪಿ ಕಡೆಯಿಂದ ಚೆಂಬೂರಿನ ಆ ಬಿಲ್ಡಿಂಗಿಗೆ ಬಂದಾಗ ನನಗೆ ಮಾತಾಡಲು ಯಾರೂ ಇರಲಿಲ್ಲ. ಬೆಳಿಗ್ಗೆ ವಡಾಲದ ಹೋಟೆಲಿಗೆ ಹೋದ ನನ್ನವರು ಮರಳುವಾಗ ಕತ್ತಲಾಗುತ್ತಿತ್ತು. ಮೊದಲ ವಾರವೇ ಕಾಕು ಬಾಗಿಲು ತಟ್ಟಿ ಒಂದು ಕಾದಂಬರಿ ಕೈಗಿತ್ತರು. ಧಾರವಾಡದವರು, ವಿಧವೆ, ಮಗ ಅಂಧೇರಿಯಲ್ಲಿದ್ದಾನೆ ಎಂಬುದೆಲ್ಲ ಆಮೇಲೆ ಗೊತ್ತಾಯಿತು.

"ಓದ್ಲಿಕ್ಕೆ ಪುರುಸೊತ್ತು ಎಲ್ಲುಂಟು ಕಾಕು?" ಎಂದೆ.

"ಉಂಟು, ಉಂಟು!" ನನ್ನ ಮಾತನ್ನೇ ಅಣಕಿಸಿ ನಕ್ಕರು. "ಓದಿ ಸುಮ್ಮನ ವಾಪಸ್ ಕೊಟ್ರ ನಡಿಯೂದಿಲ್ಲ ನೋಡು. ಹೆಂಗನಿಸ್ತು ಹೇಳಬೇಕು."

ನಾನು ಪ್ರತಿ ಸಲವೂ "ಚೆನ್ನಾಗುಂಟು" ಎಂದಷ್ಟೇ ಹೇಳಿ ಪಾರಾಗುತ್ತಿದ್ದೆ. ಅವರು ಹಾಗಲ್ಲ. ಎಲ್ಲರೂ ಹೊಗಳಿದ ಒಂದು ದಪ್ಪ ಕಾದಂಬರಿಯನ್ನು ಮುಗಿಸಿ, "ಇದರಾಗ ಎಲ್ಲಾರೂ ಭಾಳ ಮಾತಾಡ್ತಾರ, ಯಾರೂ ಉಣ್ಣೂದಿಲ್ಲ. ಇಷ್ಟು ಪುಟದಾಗ ಒಬ್ಬರರೆ ಒಂದು ರೊಟ್ಟಿ ಮುರದಾರೇನು?" ಎಂದಿದ್ದರು. ಅರ್ಥವಾಗುವುದಿಲ್ಲವೆಂದು ಮೂಲೆಗಿಟ್ಟ ಕವಿತೆಯ ಪುಸ್ತಕವನ್ನು ಮರುವರ್ಷ ಮತ್ತೆ ಓದಿ, "ತಪ್ಪು ಕವೀದಲ್ಲ, ನಂದು. ಆವಾಗ ಅವಸರ ಮಾಡಿದ್ದೆ," ಎಂದರು. ದೊಡ್ಡವರು ತಮ್ಮದು ತಪ್ಪಾಯಿತೆಂದು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಒಂದೇ ಒಂದು ಕಾದಂಬರಿಯನ್ನು ಮಾತ್ರ ಅವರು ಕಪಾಟಿನ ಹಿಂದಕ್ಕೆ ತಳ್ಳಿಬಿಟ್ಟಿದ್ದರು. ಪುಟ್ಟ ಮಗಳನ್ನು ಬಿಟ್ಟು ಹೊರಟುಹೋಗುವ ತಾಯಿಯ ಕಥೆ ಅದು. "ಹಡದಾಕಿ ಹಿಂಗ ಮಾಡ್ತಾಳೇನು? ಇದನ್ನ ಮಾತ್ರ ನಾ ಮತ್ತ ಮುಟ್ಟಂಗಿಲ್ಲ," ಎಂದು ಕಪಾಟಿನ ಬಾಗಿಲನ್ನು ಧಡ್ಡನೆ ಮುಚ್ಚಿದ್ದರು. ಪುಸ್ತಕದ ಮೇಲೆ ಇಷ್ಟೊಂದು ಸಿಟ್ಟೇ ಎಂದು ನನಗೆ ಆಶ್ಚರ್ಯವಾಗಿತ್ತು.

ಮದುವೆಯಾದ ಮೂರನೆಯ ವರ್ಷ ನನ್ನ ಹೆಣ್ಣುಮಗು ದಿನ ತುಂಬುವ ಮೊದಲೇ ಹುಟ್ಟಿ ಎರಡನೆಯ ದಿನ ತೀರಿಕೊಂಡಿತು. ಹೆರಿಗೆಗೆ ಮುಂಚಿನ ವಾರ ನಾನು ಪ್ಲಾಟ್‌ಫಾರ್ಮಿನಲ್ಲಿ ಓಡಿ ಲೋಕಲ್ ಹತ್ತಿದ್ದೆ. ಅದರಿಂದಲೇ ಹೀಗಾಯಿತೆಂದು ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿದ್ದೆ. ಬಂದವರೆಲ್ಲ "ಸಣ್ಣ ವಯಸ್ಸು, ಇನ್ನೊಂದಾಗ್ತದೆ," ಎಂದರು. ಕಾಕು ಮಾತ್ರ ದಿನಾ ಮಧ್ಯಾಹ್ನ ಬಂದು, ನನ್ನ ಹಾಸಿಗೆಯ ಪಕ್ಕ ಕುಳಿತು, ಯಾವುದಾದರೊಂದು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಕೇಳುತ್ತಿದ್ದೇನೋ ಇಲ್ಲವೋ ಎಂದು ಅವರು ವಿಚಾರಿಸಲೇ ಇಲ್ಲ.

ಒಂದು ಮಧ್ಯಾಹ್ನ ಆ ತಾಯಿಯ ಕಾದಂಬರಿಯನ್ನೇ ಹಿಡಿದು ಬಂದರು. ಅವತ್ತು ತೆರೆದು ಓದಲಿಲ್ಲ.

"ಮತ್ತ ಓದಿದೆ ಇದನ್ನ," ಎಂದರು. "ನನಗೂ ಒಬ್ಬಾಕಿ ಮಗಳಿದ್ದಳವಾ. ಮೂರು ವರ್ಷದಾಕಿ. ಜ್ವರ ಇತ್ತು. ಅತ್ತಿ ಕಡೆ ಬಿಟ್ಟು ಡ್ಯೂಟಿಗೆ ಹೋದೆ. ಕೂಸು ಹೋತು ಅಂತ ಕೆಳಗಿನ ಅಂಗಡಿಯಿಂದ ಎಕ್ಸ್‌ಚೇಂಜಿಗೆ ಫೋನ್ ಬಂತು. ದಿನಾ ಮಂದಿಗೆ ಲೈನ್ ಜೋಡಸಾಕಿ ನಾನು, ಅವತ್ತ ನನಗ ಹೇಳಿದ್ದು ತಿಳೀಲಿಲ್ಲ. ಇನ್ನೊಮ್ಮೆ ಹೇಳ್ರಿ, ಇನ್ನೊಮ್ಮೆ ಹೇಳ್ರಿ ಅಂತ ಕೇಳ್ಕೋತನ ಇದ್ದೆ."

ನಾನು ಅವರ ಕಡೆ ಹೊರಳಿದೆ.

"ಬಿಟ್ಟು ಹೋದಾಕಿ ಅಂತ ಇಷ್ಟು ವರ್ಷ ನನ್ನನ್ನ ನಾನ ಬೈಕೊಂಡೆ. ಆ ಸಿಟ್ಟು ತಂದು ಈ ಪುಸ್ತಕದಾಕಿ ಮ್ಯಾಲೆ ಹಾಕಿದೆ. ಆಕಿ ಯಾಕ ಹೋದಳು ಅನ್ನೂದು ಅದರಾಗನ ಬರದದ, ಮೊದಲನೇ ಸಲ ನನಗ ಕಾಣಲಿಲ್ಲ." ಪುಸ್ತಕವನ್ನು ಹಾಸಿಗೆಯ ಮೇಲಿಟ್ಟು, "ನೀ ಏನು ನುಂಗಿಕೊಂಡು ಮಲಗೀದಿ, ಹೇಳು," ಎಂದರು.

ಲೋಕಲ್ ಹತ್ತಲು ಓಡಿದ್ದನ್ನು ಹೇಳಿದೆ. ಅವರು ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ನಿಂದು ತಪ್ಪಿಲ್ಲ," ಎಂದರು. ಮಗು ಹೋದ ಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಆಮೇಲೆ ಎಷ್ಟೋ ವರ್ಷ ಜೊತೆಯಾಗಿ ಓದಿದೆವು, ಜಗಳವಾಡಿದೆವು. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ಮಗ ಅಂಧೇರಿಗೆ ಕರೆದೊಯ್ದ. ನಾನು ವಾರಕ್ಕೊಮ್ಮೆ ಹೋಗಿ ಓದಿ ಹೇಳುತ್ತಿದ್ದೆ. ಚೆನ್ನಾಗಿದೆಯೋ ಇಲ್ಲವೋ ಎಂದು ಅವರ ಕಣ್ಣಿನಿಂದಲೇ ತಿಳಿಯಬೇಕಿತ್ತು. ಕೊನೆಕೊನೆಗೆ ಕಣ್ಣೂ ಏನನ್ನೂ ಹೇಳದಾಯಿತು.

ಸುದ್ದಿ ತಿಳಿದು ಹೋದಾಗ ಅವರನ್ನು ಹಾಲ್‌ನಲ್ಲಿ ಮಲಗಿಸಿದ್ದರು. "ನಿಂದು ತಪ್ಪಿಲ್ಲ" ಎಂಬ ಅಂದಿನ ಆ ಒಂದು ಮಾತು ಇಲ್ಲದಿದ್ದರೆ ನಾನು ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ ಎಂಬುದನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಕಾಲು ಮುಟ್ಟುವಾಗಲಾದರೂ ಹೇಳಬೇಕೆಂದುಕೊಂಡೆ. ಸುತ್ತ ಜನರಿದ್ದರು. ಹೇಳಲಿಲ್ಲ.